ಎತ್ತರ, ತೂಕ, ಬಣ್ಣ: ಹದಿಹರೆಯದ ಪಾಠ ಮಾಡುವ ಮೊದಲು

ಈ ಸಲದ ಅಭ್ಯಾಸ ಬೋಧನೆಯಲ್ಲಿ ನನಗೆ ಸಿಕ್ಕಿದ್ದು ಎಂಟನೇ ತರಗತಿಯ ‘ಹದಿಹರೆಯಕ್ಕೆ ಪ್ರವೇಶ’ ಎಂಬ ಪಾಠ. ಅದರಲ್ಲಿ ಒಂದು ಕೋಷ್ಟಕವಿದೆ. ಯಾವ ವಯಸ್ಸಿಗೆ ಮಗು ತನ್ನ ಪೂರ್ಣ ಎತ್ತರದ ಶೇಕಡಾ ಎಷ್ಟು ಬೆಳೆದಿರುತ್ತದೆ ಎಂದು ಅದು ತೋರಿಸುತ್ತದೆ. 13 ವರ್ಷದ ಹುಡುಗನಿಗೆ 88, ಅದೇ ವಯಸ್ಸಿನ ಹುಡುಗಿಗೆ 95. ಈಗಿನ ಎತ್ತರವನ್ನು ಆ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಮುಂದಿನ ಎತ್ತರ ಸಿಗುತ್ತದೆ. ಒಳ್ಳೆಯ ಚಟುವಟಿಕೆಯಾಯಿತು ಎಂದುಕೊಂಡು ನಾನು ಗೋಡೆಗೆ ಅಳತೆಯ ಟೇಪು ಅಂಟಿಸಿದೆ. ತೂಕದ ಯಂತ್ರವನ್ನೂ ತಂದೆ. ಎಲ್ಲರ ಹೆಸರು, ಎತ್ತರ, ತೂಕಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆ.

ಮುಂದಿನ ಬೆಂಚಿನ ಒಬ್ಬ ಹುಡುಗನ ಎತ್ತರ 138 ಸೆಂ.ಮೀ. ಬಂತು. ಲೆಕ್ಕ ಮಾಡಿದಾಗ 157 ಸೆಂ.ಮೀ. ಹಿಂದಿನ ಸಾಲಿನಿಂದ ಯಾರೋ, ‘ಟೀಚರ್, ಅವನು ದೊಡ್ಡವನಾದರೂ ಗಿಡ್ಡನೇ’ ಎಂದರು. ತರಗತಿ ನಕ್ಕಿತು. ನಾನೂ ಸ್ವಲ್ಪ ನಕ್ಕೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ತೂಕದ ಕಾಲಂನಲ್ಲಿ ಎಲ್ಲರಿಗಿಂತ ದೊಡ್ಡ ಸಂಖ್ಯೆ ಇದ್ದದ್ದು ಒಬ್ಬಳು ಹುಡುಗಿಯ ಹೆಸರಿನ ಎದುರು. ಮರುದಿನ ಬಿಸಿಯೂಟದ ಸಾಲಿನಲ್ಲಿ ಅವಳು ಕಾಣಲಿಲ್ಲ. ಕೇಳಿದ್ದಕ್ಕೆ ‘ಹಸಿವಿಲ್ಲ ಟೀಚರ್’ ಎಂದಳು. ಮೂರನೆಯ ದಿನವೂ ಅದೇ ಉತ್ತರ. ಆಗ ನನಗೆ ಹೆದರಿಕೆಯಾಯಿತು.

ಪಾಠಯೋಜನೆಯಲ್ಲಿ ಆ ಚಟುವಟಿಕೆಗೆ ನನಗೆ ಒಳ್ಳೆಯ ಅಂಕವೇ ಬಂದಿತ್ತು. ಆದರೆ ಎರಡು ಮಕ್ಕಳ ಮಟ್ಟಿಗೆ ಪಾಠ ತಪ್ಪಿತ್ತು. ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಹೋದಾಗ ತಿಳಿದದ್ದನ್ನು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ.

ಕೋಷ್ಟಕ ಹೇಳುವುದು ಸರಾಸರಿಯನ್ನು

ಕೋಷ್ಟಕದ ಸಂಖ್ಯೆಗಳು ತಪ್ಪಲ್ಲ, ಆದರೆ ಅವು ಸರಾಸರಿಗಳು. ಹದಿಹರೆಯ ಎಲ್ಲರಿಗೂ ಒಂದೇ ವರ್ಷ ಆರಂಭವಾಗುವುದಿಲ್ಲ. ಹುಡುಗಿಯರಲ್ಲಿ ಎತ್ತರದ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಏಳನೇ, ಎಂಟನೇ ತರಗತಿಯ ಸಾಲಿನಲ್ಲಿ ಹುಡುಗಿಯರೇ ಎತ್ತರ ಕಾಣಲು ಇದೇ ಕಾರಣ. ಹುಡುಗರೊಳಗೂ ಕೆಲವರು ಬೇಗ ಬೆಳೆಯುತ್ತಾರೆ, ಕೆಲವರು ತಡವಾಗಿ. ನಮ್ಮ ಹುಡುಗ ತಡವಾಗಿ ಬೆಳೆಯುವವನಾಗಿದ್ದು, ಕೋಷ್ಟಕದ 12 ವರ್ಷದ ಹಂತದಲ್ಲೇ, ಅಂದರೆ ಶೇಕಡಾ 84ರಲ್ಲೇ ಇದ್ದರೆ, ಅದೇ ಲೆಕ್ಕ 164 ಸೆಂ.ಮೀ. ಕೊಡುತ್ತದೆ. ಒಂದೇ ಅಳತೆ, ಒಂದೇ ಸೂತ್ರ, ಏಳು ಸೆಂ.ಮೀ. ವ್ಯತ್ಯಾಸ! ಇದನ್ನು ಹೇಳದೆ ನಾನು 157 ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೆ. ಮಕ್ಕಳು ಅದನ್ನು ತೀರ್ಪು ಎಂದು ಓದಿದರು.

ತೂಕದ್ದೂ ಇದೇ ಕಥೆ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ಬಿ.ಎಂ.ಐ. ಎನ್ನುತ್ತೇವೆ. ಈ ಸೂತ್ರ ಕೊಟ್ಟದ್ದು 19ನೇ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞರು. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು, ಒಬ್ಬ ವ್ಯಕ್ತಿಯ ಆರೋಗ್ಯವನ್ನಲ್ಲ. ಬಿ.ಎಂ.ಐ. ಎಂಬ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರ ಲೇಖನದಿಂದ. ದೊಡ್ಡವರ ಪಟ್ಟಿಯಲ್ಲಿ 18.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕ. 13 ವರ್ಷದ ಹುಡುಗಿಯೊಬ್ಬಳು 150 ಸೆಂ.ಮೀ. ಎತ್ತರ, 40 ಕಿಲೋ ತೂಕ ಇದ್ದರೆ ಅವಳ ಬಿ.ಎಂ.ಐ. 17.8. ದೊಡ್ಡವರ ಪಟ್ಟಿ ಅವಳನ್ನು ‘ಬಡಕಲು’ ಎನ್ನುತ್ತದೆ. ಆದರೆ 5ರಿಂದ 19 ವರ್ಷದವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಅವಳು ಪೂರ್ತಿ ಸಹಜ. ಮಕ್ಕಳಿಗೆ ವಯಸ್ಸು, ಲಿಂಗ ಎರಡನ್ನೂ ನೋಡಿಯೇ ಹೇಳಬೇಕು, ಅದನ್ನೂ ಆರೋಗ್ಯ ಸಿಬ್ಬಂದಿ ಹೇಳಬೇಕು. ಹದಿಹರೆಯದಲ್ಲಿ ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಹಾರ್ಮೋನಿನ ಕೆಲಸ, ಹೊಟ್ಟೆಬಾಕತನವಲ್ಲ. ಅದೇ ಹೊತ್ತಿನಲ್ಲಿ ಊಟ ಬಿಟ್ಟರೆ ಎಲುಬಿಗೆ, ರಕ್ತಕ್ಕೆ ಬೇಕಾದದ್ದು ಸಿಗುವುದಿಲ್ಲ.

ಮನೆಯ ಮಾತು

ಮಕ್ಕಳು ಇದನ್ನೆಲ್ಲ ತರಗತಿಯಲ್ಲಷ್ಟೇ ಕಲಿಯುವುದಿಲ್ಲ. ನರಿಕೊಂಬಿನ ನಮ್ಮ ಮನೆಯಲ್ಲಿ ತಂಬಿಲಕ್ಕೆ ನೆಂಟರು ಸೇರಿದರೆ ‘ಸೌಖ್ಯವಾ’ ಎಂದು ಕೇಳುವ ಮೊದಲೇ ‘ಎಂತ ಮಾರಾಯ್ತಿ, ಇಷ್ಟು ಸೊರಗಿದ್ದಿ’, ‘ತೋರ ಆಗಿದ್ದಿಯಲ್ಲ’, ‘ಬಿಸಿಲಿಗೆ ಹೋಗಿ ಕಪ್ಪಾದದ್ದಾ’ ಎಂಬ ಮಾತುಗಳು ಬರುತ್ತವೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಅದು ಅವರ ಪ್ರೀತಿಯ ಮಾತು. ಆದರೆ ಹೈಸ್ಕೂಲಿನಲ್ಲಿದ್ದಾಗ ನಾನು ಆ ಒಂದು ಮಾತಿಗೆ ಹೆದರಿ ಒಳಕೋಣೆಯಲ್ಲಿ ಕೂತದ್ದುಂಟು.

ಬಣ್ಣದ ವಿಷಯದಲ್ಲಿ ವಿಜ್ಞಾನದ ಶಿಕ್ಷಕರಿಗೆ ಹೇಳಲು ಸ್ಪಷ್ಟ ಮಾತಿದೆ. ಚರ್ಮದ ಬಣ್ಣ ಬರುವುದು ಮೆಲನಿನ್‌ನಿಂದ. ಅದು ಮುಖ್ಯವಾಗಿ ವಂಶದಿಂದ ಬರುತ್ತದೆ, ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿತು. ಆದರೆ ಬೆಳ್ಳಗಾಗಬೇಕೆಂಬ ಆಸೆ ಹೆಸರಿನೊಂದಿಗೆ ಹೋಗಲಿಲ್ಲ. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡರೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ಇನ್ನೂ ಹೆಚ್ಚುತ್ತದೆ. ಮೊಡವೆಗೆ ಕಾರಣ ಈ ವಯಸ್ಸಿನಲ್ಲಿ ಚುರುಕಾಗುವ ತೈಲಗ್ರಂಥಿಗಳು ಎಂದು ಪಾಠದಲ್ಲೇ ಇದೆ. ಅದನ್ನು ಪರೀಕ್ಷೆಯ ಒಂದು ಅಂಕದ ಉತ್ತರವಾಗಿ ಮಾತ್ರ ಬಿಡಬಾರದು.

ಇದು ಎರಡು ಮಕ್ಕಳ ಮಾತಲ್ಲ. ಎನ್.ಸಿ.ಇ.ಆರ್.ಟಿ. 2022ರಲ್ಲಿ ದೇಶದ ಸುಮಾರು 3.79 ಲಕ್ಷ ವಿದ್ಯಾರ್ಥಿಗಳ ಮನೋಆರೋಗ್ಯದ ಸಮೀಕ್ಷೆ ಪ್ರಕಟಿಸಿತು. ಶಾಲಾ ಜೀವನ ತೃಪ್ತಿಕರ ಎಂದವರು ಶೇಕಡಾ 73. ಆದರೆ ಶೇಕಡಾ 45ಕ್ಕೂ ಹೆಚ್ಚು ಮಕ್ಕಳಿಗೆ ತಮ್ಮ ದೇಹದ ಬಗ್ಗೆ ತೃಪ್ತಿ ಇರಲಿಲ್ಲ. 40 ಮಕ್ಕಳ ತರಗತಿ ಎಂದುಕೊಂಡರೆ ಸುಮಾರು 18 ಮಂದಿ.

ಎರಡನೆಯ ಸಲ ಮಾಡಿದ ಪಾಠ

ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು ಅದೇ ಪಾಠಕ್ಕೆ ಇನ್ನೊಂದು ಅವಧಿ ತೆಗೆದುಕೊಂಡೆ. ಮೊದಲು ‘ಹೋದ ಸಲ ನಾನು ಮಾಡಿದ್ದು ಸರಿಯಾಗಲಿಲ್ಲ’ ಎಂದು ಮಕ್ಕಳ ಎದುರು ಹೇಳಿದೆ. ನಂತರ ಹೆಸರಿಲ್ಲದ ಮೂರು ಕಾಲ್ಪನಿಕ ಮಕ್ಕಳ ಅಳತೆ ಕೊಟ್ಟು ಲೆಕ್ಕ ಮಾಡಿಸಿದೆ. ಬೇಗ ಬೆಳೆಯುವವರಿಗೂ ತಡವಾಗಿ ಬೆಳೆಯುವವರಿಗೂ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. 138 ಸೆಂ.ಮೀ.ನ ಹುಡುಗನೇ ಕೈ ಎತ್ತಿ, ‘ಹಾಗಾದರೆ ನನ್ನದು ಈಗ ಹೇಳಲಿಕ್ಕೆ ಆಗುವುದಿಲ್ಲ ಅಲ್ಲವಾ ಟೀಚರ್?’ ಎಂದ. ಹೌದು ಎಂದೆ.

ಪ್ರಶ್ನೆಗಳಿಗೆ ಒಂದು ಪೆಟ್ಟಿಗೆ ಇಟ್ಟೆ, ಹೆಸರು ಬರೆಯಬೇಕಾಗಿಲ್ಲ ಎಂದೆ. ಧ್ವನಿ ಒಡೆಯುವುದು, ಮೀಸೆ ಬಾರದಿರುವುದು, ಮುಟ್ಟು, ಬೆವರಿನ ವಾಸನೆ ಎಲ್ಲವೂ ಅದರೊಳಗೆ ಬಂತು. ಬಾಯಿಬಿಟ್ಟು ಒಬ್ಬರೂ ಕೇಳದ ಪ್ರಶ್ನೆಗಳು ಅವು. ಕೊನೆಗೆ ‘ಈ ವಾರ ನಿಮ್ಮ ದೇಹ ಮಾಡಿದ ಒಂದು ಕೆಲಸ’ ಬರೆಯಿರಿ ಎಂದೆ. ಕಬಡ್ಡಿಯಲ್ಲಿ ಹಿಡಿತ ತಪ್ಪಿಸಿಕೊಂಡದ್ದು, ಯಕ್ಷಗಾನದ ತರಗತಿಯಲ್ಲಿ ಹೆಜ್ಜೆ ಕಲಿತದ್ದು, ಅಡಿಕೆ ಹೆಕ್ಕಿದ್ದು, ತಮ್ಮನನ್ನು ಎತ್ತಿಕೊಂಡು ಗುಡ್ಡೆ ಹತ್ತಿದ್ದು ಎಂದೆಲ್ಲ ಬರೆದರು.

ಊಟ ಬಿಟ್ಟ ಹುಡುಗಿಯ ವಿಷಯವನ್ನು ನಾನೊಬ್ಬಳೇ ನಿಭಾಯಿಸಲು ಹೋಗಲಿಲ್ಲ. ತರಗತಿ ಶಿಕ್ಷಕಿಗೆ ಹೇಳಿದೆ. ಅವರು ಅವಳ ತಾಯಿಯೊಂದಿಗೆ ಮಾತಾಡಿದರು. ಮರುವಾರ ಅವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಬಡಿಸಿದ್ದರಲ್ಲಿ ಅರ್ಧ ಉಳಿಸಿದಳು. ಅದನ್ನು ಗೆಲುವು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಶಿಕ್ಷಕಿ ಇನ್ನೂ ಗಮನಿಸುತ್ತಿದ್ದಾರೆ.

ನೀವು ಈ ಪಾಠ ಮಾಡುವವರಾದರೆ ಇಷ್ಟು ನೆನಪಿಡಿ. ಮಕ್ಕಳ ಅಳತೆಯನ್ನು ಹಲಗೆಯ ಮೇಲೆ ಹೆಸರಿನೊಂದಿಗೆ ಬರೆಯಬೇಡಿ. ಅಡ್ಡಹೆಸರು ಕೇಳಿದಾಗ ನಗಬೇಡಿ, ನೀವು ನಕ್ಕರೆ ಅದಕ್ಕೆ ಮೊಹರು ಬಿದ್ದಂತೆ. ಊಟ ಬಿಡುವುದು, ಆಟದ ಅವಧಿ ತಪ್ಪಿಸುವುದು, ಗುಂಪು ಫೋಟೋಗೆ ಬಾರದಿರುವುದು, ಕಾರಣವಿಲ್ಲದ ಗೈರು, ಇವುಗಳಲ್ಲಿ ಎರಡು ಕಂಡರೆ ತರಗತಿ ಶಿಕ್ಷಕರಿಗೆ ತಿಳಿಸಿ. ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರಲ್ಲಿಯೂ ಕೇಳಬಹುದು. ಟೆಲಿ ಮಾನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098, ಈ ಎರಡು ಸಂಖ್ಯೆಗಳನ್ನು ಮಕ್ಕಳೂ ಬರೆದುಕೊಳ್ಳಲಿ.

ನನ್ನ ಅಭ್ಯಾಸ ಬೋಧನೆಯ ಕೊನೆಯ ದಿನ ಆ ಹುಡುಗ ಬಂದು, ಇನ್ನೊಮ್ಮೆ ಎತ್ತರ ನೋಡಬಹುದಾ ಎಂದು ಕೇಳಿದ. ಎಲ್ಲರೂ ಹೋದ ಮೇಲೆ ಅಳೆದೆವು. ಅವನ ಪುಸ್ತಕದ ಕೊನೆಯ ಪುಟದಲ್ಲಿ ಅವನೇ ದಿನಾಂಕದೊಂದಿಗೆ ಬರೆದುಕೊಂಡ. ಗೋಡೆಯ ಟೇಪನ್ನು ನಾನು ಬಿಚ್ಚಿ ತಂದೆ.