ಗರಗಸದ ಬ್ಲೇಡು ಜಾರುವುದೇಕೆ?

ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಸರದಿಗಿಟ್ಟು ನಿಂತವರೆಲ್ಲ ಆ ಪಟ್ಟಾವನ್ನು ನೋಡಿರುತ್ತಾರೆ. ಮೋಟರಿನ ಗಾಲಿಯಿಂದ ಗಿರಣಿಯ ಗಾಲಿಗೆ ಪಟಪಟನೆ ಓಡುವ ಅದಕ್ಕೆ ಅಕ್ಕಪಕ್ಕ ಯಾವ ತಡೆಯೂ ಇರುವುದಿಲ್ಲ. ಆದರೂ ಅದು ಜಾರಿ ಬೀಳುವುದಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರ ತಿಳಿದವರಿಗೆ ಬಡಿಗರ ಶೆಡ್ಡಿನ ಬ್ಯಾಂಡ್ ಸಾ ಯಂತ್ರದ ಅರ್ಧ ತೊಂದರೆ ತಿಳಿದ ಹಾಗೆ.

ಅಬ್ಬೆತುಮಕೂರು ಎಂದೊಡನೆ ಯಾದಗಿರಿ ಸೀಮೆಯವರಿಗೆ ನೆನಪಾಗುವುದು ವಿಶ್ವಾರಾಧ್ಯರ ಮಠ, ಅಲ್ಲಿನ ಜಾತ್ರೆ, ತೇರು. ಇಂಥ ಊರಿನಲ್ಲಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲೇ ಬಡಿಗತನ ಮಾಡುವವರು ಸಣ್ಣ ಬ್ಯಾಂಡ್ ಸಾ ಇಟ್ಟುಕೊಂಡರೆ ಕುರ್ಚಿಯ ಡೊಂಕು ಕಾಲು, ತೊಟ್ಟಿಲ ಪಟ್ಟಿ ಎಲ್ಲವನ್ನೂ ಬೇಗ ಕೊಯ್ಯಬಹುದು. ಆದರೆ "ಬ್ಲೇಡ್ ನಿಲ್ಲವಲ್ದು ನೋಡ್ರಿ" ಎನ್ನುವ ದಿನ ಬಂತೆಂದರೆ ರಿಪೇರಿಯವರನ್ನು ಹುಡುಕಿ ಯಾದಗಿರಿಗೇ ಹೋಗಬೇಕು. ಅಂದಿನ ಕೂಲಿ ಹೋಯಿತು. ಅದಕ್ಕಿಂತ ದೊಡ್ಡ ಮಾತು ಬೆರಳಿನದು. 14 ಇಂಚಿನ ಗಾಲಿ ನಿಮಿಷಕ್ಕೆ 800 ಸುತ್ತು ತಿರುಗಿದರೆ ಬ್ಲೇಡಿನ ವೇಗ ಗಂಟೆಗೆ ಸುಮಾರು 54 ಕಿಲೋಮೀಟರ್. ಹೆದ್ದಾರಿಯಲ್ಲಿ ಬಸ್ಸು ಓಡುವಷ್ಟು ವೇಗ! ಅಷ್ಟು ವೇಗದಲ್ಲಿರುವ ಹಲ್ಲಿನ ಪಟ್ಟಿ ಗಾಲಿ ಬಿಟ್ಟು ಜಾರುವುದು ಚಿಕ್ಕ ಸಂಗತಿಯಲ್ಲ.

ಯಂತ್ರದ ರಚನೆ ಸರಳ. ಮೇಲೊಂದು ಗಾಲಿ, ಕೆಳಗೊಂದು ಗಾಲಿ. ಎರಡಕ್ಕೂ ರಬ್ಬರಿನ ಟೈರು. ಅವುಗಳ ಸುತ್ತ, ತುದಿಗಳನ್ನು ಬೆಸೆದು ಬಳೆ ಮಾಡಿದ ಉಕ್ಕಿನ ಪಟ್ಟಿ. ಕೆಳಗಿನ ಗಾಲಿಯನ್ನು ಮೋಟರು ತಿರುಗಿಸುತ್ತದೆ. ಮೇಲಿನದನ್ನು ಏರಿಸಿ ಬ್ಲೇಡು ಬಿಗಿ ಮಾಡಬಹುದು, ಒಂದು ತಿರುಪಿನಿಂದ ಹಿಂದೆ ಮುಂದೆ ವಾಲಿಸಲೂಬಹುದು. ಈ ಗರಗಸಕ್ಕೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಪೇಟೆಂಟ್ ಪಡೆದದ್ದು 1808ರಲ್ಲಿ. ಆದರೆ ಬೆಸುಗೆ ನಿಲ್ಲದೆ ಬ್ಲೇಡು ಮತ್ತೆ ಮತ್ತೆ ತುಂಡಾಗುತ್ತಿದ್ದುದರಿಂದ ಯಂತ್ರ ಹಲವು ದಶಕ ಮೂಲೆ ಸೇರಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪಿನ್ ಎಂಬ ಮಹಿಳೆ ಬೆಸೆಯುವ ಒಳ್ಳೆಯ ವಿಧಾನ ಕಂಡುಹಿಡಿದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಬೆಸುಗೆಯ ಕಾಟ ಈಗಲೂ ಮುಗಿದಿಲ್ಲ ಎಂಬುದನ್ನು ಮುಂದೆ ನೋಡೋಣ.

ಮೊದಲು ಪಟ್ಟಾದ ಗುಟ್ಟು. ಗಾಲಿಯ ಮೇಲ್ಮೈ ಚಪ್ಪಟೆಯಾಗಿ ಕಂಡರೂ ನಡುವೆ ತುಸು ಉಬ್ಬಿರುತ್ತದೆ. ಉಬ್ಬಿನಿಂದ ಪಟ್ಟಾ ಕೆಳಗೆ ಜಾರಬೇಕು ಎಂದು ನಮಗೆ ಅನ್ನಿಸುತ್ತದೆ, ಆಗುವುದು ತದ್ವಿರುದ್ಧ. ಇಳಿಜಾರಿನ ಮೇಲೆ ಕುಳಿತ ಪಟ್ಟಾದಲ್ಲಿ ದಪ್ಪ ಭಾಗದ ಕಡೆಯ ಅಂಚು ಹೆಚ್ಚು ಎಳೆತಕ್ಕೆ ಸಿಗುತ್ತದೆ. ಆಗ ಗಾಲಿಗೆ ಬಂದು ಸೇರುವ ಪಟ್ಟಾ ಅದೇ ಕಡೆಗೆ ಕೊಂಚ ಓರೆಯಾಗುತ್ತದೆ. ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪವೇ ಮೇಲೇರಿ ಕೊನೆಗೆ ನಡುವಿನ ಉಬ್ಬಿನಲ್ಲೇ ನೆಲೆ ನಿಲ್ಲುತ್ತದೆ. ಮನೆಯಲ್ಲೇ ಇದನ್ನು ನೋಡಬಹುದು. ನಡುವೆ ದಪ್ಪಗಿರುವ ಲಟ್ಟಣಿಗೆಗೂ ಒಂದು ಪೆನ್ಸಿಲಿಗೂ ಹಳೆಯ ಸ್ಕೂಟರ್ ಟ್ಯೂಬಿನಿಂದ ಕತ್ತರಿಸಿದ ಬೆರಳಗಲದ ಉಂಗುರ ಹಾಕಿ, ಬಿಗಿಯಾಗಿ ಹಿಡಿದು ಲಟ್ಟಣಿಗೆಯನ್ನು ತಿರುಗಿಸಿ. ಅಂಚಿನಲ್ಲಿ ಹಾಕಿದ ಉಂಗುರ ನಡುವಿನತ್ತ ಏರುತ್ತದೆ. (ಲಟ್ಟಣಿಗೆಯನ್ನು ತೊಳೆದು ಅಡುಗೆಮನೆಗೆ ಹಿಂದಿರುಗಿಸುವುದು ಪ್ರಯೋಗದ ಕೊನೆಯ ಹಂತ!)

ಬಹುಪಾಲು ಸಣ್ಣ ಬ್ಯಾಂಡ್ ಸಾಗಳಲ್ಲಿ ಬ್ಲೇಡು ನಿಲ್ಲುವುದೂ ಹೀಗೆಯೇ. ಆದ್ದರಿಂದ ಟೈರಿನ ಉಬ್ಬು ಕೆಟ್ಟರೆ ಬ್ಲೇಡು ದಾರಿ ತಪ್ಪುತ್ತದೆ. ಹಸಿ ಜಾಲಿ, ಬೇವು ಕೊಯ್ಯುವಾಗ ಅಂಟಿನ ಜೊತೆ ಹೊಟ್ಟು ಟೈರಿಗೆ ಮೆತ್ತಿ ಗಟ್ಟಿಯಾಗುತ್ತದೆ. ಉಬ್ಬು ಹೋಗಿ ಗಂಟುಗಳಾಗುತ್ತವೆ. ಬ್ರಷ್ಷಿನಿಂದ ಉಜ್ಜಿ ತೆಗೆದರೆ ಅನೇಕ ಸಲ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಆದರೆ ನಮ್ಮ ಕೈ ಮೊದಲು ಹೋಗುವುದು ವಾಲಿಸುವ ತಿರುಪಿಗೆ! ಬ್ಲೇಡು ಹಿಂದೆ ಸರಿದರೆ ಮುಂದಕ್ಕೆ ತಿರುಗಿಸುವುದು, ಮುಂದೆ ಬಂದರೆ ಹಿಂದಕ್ಕೆ. ಜ್ವರ ಯಾತಕ್ಕೆ ಬಂತೆಂದು ನೋಡದೆ ಗುಳಿಗೆ ನುಂಗಿದ ಹಾಗೆ.

ಸೀಮೆಸುಣ್ಣದ ಪರೀಕ್ಷೆ

ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಣ್ಣಿಗೆ ಕಾಣುವಂತೆ ಹೊರಗಿರಬೇಕು. ಬ್ಲೇಡನ್ನು ಎರಡೂ ಪಕ್ಕ ಹಿಡಿದಿರುವ ಗೈಡುಗಳನ್ನೂ ಹಿಂದಿನ ಬೇರಿಂಗನ್ನೂ ದೂರ ಸರಿಸಿ. ಅವು ಒತ್ತಿಕೊಂಡಿದ್ದರೆ ಬ್ಲೇಡಿನ ನಿಜವಾದ ನಡೆ ತಿಳಿಯುವುದಿಲ್ಲ. ಬ್ಲೇಡನ್ನು ಬೇಕಾದಷ್ಟು ಬಿಗಿ ಮಾಡಿ. ಈಗ ಬೆಸುಗೆಯ ಜಾಗದಲ್ಲಿ ಸೀಮೆಸುಣ್ಣದ ಒಂದು ಗುರುತು, ಅದೇ ನೇರಕ್ಕೆ ಮೇಲಿನ ಗಾಲಿಯ ಮೇಲೆ ಇನ್ನೊಂದು ಗುರುತು. ಹಲ್ಲಿನಿಂದ ಬೆರಳು ದೂರವಿಟ್ಟು ಮೇಲಿನ ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಹೋಗಿ.

14 ಇಂಚಿನ ಗಾಲಿಯ ಸುತ್ತಳತೆ ಸುಮಾರು 112 ಸೆಂಟಿಮೀಟರ್. ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ಹಾಕುವ ಬ್ಲೇಡು 237 ಸೆಂಟಿಮೀಟರ್ ಆಸುಪಾಸು. ಗಾಲಿ ಎರಡು ಸುತ್ತು ಮುಗಿಸಿದಾಗ ಓಡಿದ ಬ್ಲೇಡು 224 ಸೆಂಟಿಮೀಟರ್. ಅದರ ಗುರುತು ಮೇಲೆ ಬರಲು ಇನ್ನೂ 13 ಸೆಂಟಿಮೀಟರ್ ಬಾಕಿ. ನಾಲ್ಕು ಸುತ್ತಿಗೆ ಈ ಅಂತರ ಎರಡು ಪಟ್ಟು. ಅಂದರೆ ಎರಡು ಗುರುತುಗಳೂ ಬೇರೆ ಬೇರೆ ತಾಳದಲ್ಲಿ ನಡೆಯುತ್ತವೆ. ಬ್ಲೇಡು ಹಿಂದೆ ಮುಂದೆ ಜಿಗಿಯುವುದು ಯಾವ ಗುರುತಿನ ಜೊತೆಗೆ ಎಂದು ನೋಡಿದರಾಯಿತು. ಬೆಸುಗೆ ಬಂದಾಗಲೆಲ್ಲ ಜಿಗಿದರೆ ತಪ್ಪು ಬೆಸುಗೆಯದು, ತುದಿಗಳನ್ನು ನೇರವಾಗಿ ಸೇರಿಸಿಲ್ಲ. ಅದನ್ನು ಕತ್ತರಿಸಿ ಮತ್ತೆ ಬೆಸೆಸಬೇಕು, ಇಲ್ಲವೇ ಹೊಸ ಬ್ಲೇಡು ತರಬೇಕು. ಗಾಲಿಯ ಗುರುತಿನ ಜೊತೆ ಜಿಗಿದರೆ ಗಾಲಿ ಅಥವಾ ಟೈರು. ಮೇಲಿನದೋ ಕೆಳಗಿನದೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ, ಎರಡೂ ಒಂದೇ ಅಳತೆಯವಲ್ಲವೆ! ಬ್ಲೇಡು ಕಳಚಿ ಎರಡೂ ಟೈರುಗಳ ಮೇಲೆ ಬೆರಳಾಡಿಸಿ ನೋಡಬೇಕು. ಗಾಲಿ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಸವೆದಿದೆಯೇ ಎಂಬುದೂ ಗೊತ್ತಾಗುತ್ತದೆ.

ಜಿಗಿತವಿಲ್ಲದೆ ಸಮನಾಗಿ ಒಂದೇ ಕಡೆಗೆ ತೆವಳಿದರೆ ಆಗ ಮಾತ್ರ ತಿರುಪಿನ ಸರದಿ. ಕಾಲು ಸುತ್ತು ತಿರುಗಿಸಿ, ಗಾಲಿಯನ್ನು ಐದಾರು ಬಾರಿ ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಅವಸರ ಸಲ್ಲದು. ಮೇಲಿನ ಗಾಲಿಯ ತಲೆ ಹಿಂದಕ್ಕೆ ವಾಲಿದರೆ ಬ್ಲೇಡೂ ಹಿಂದಕ್ಕೆ ಸರಿಯುತ್ತದೆ. ಬ್ಲೇಡು ನಿಂತ ಮೇಲೆ ಗೈಡುಗಳನ್ನು ಒಂದು ಹಾಳೆ ಕಾಗದ ಹಿಡಿಸುವಷ್ಟು ಅಂತರಕ್ಕೆ ತನ್ನಿ. ಹಿಂದಿನ ಬೇರಿಂಗ್ ಖಾಲಿ ಓಟದಲ್ಲಿ ಬ್ಲೇಡಿಗೆ ತಾಗಬಾರದು, ಮರ ತಳ್ಳಿದಾಗ ಮಾತ್ರ ತಾಗಬೇಕು.

ಖಾಲಿ ಓಡುವಾಗ ನೆಟ್ಟಗಿದ್ದು ಮರ ಕೊಟ್ಟೊಡನೆ ಹಿಂದೆ ಸರಿಯುವುದು ಬೇರೆಯೇ ಕಾಯಿಲೆ. ಹೆಚ್ಚಾಗಿ ಹಲ್ಲು ಮೊಂಡಾಗಿರುತ್ತದೆ, ನಾವು ಬಲವಾಗಿ ತಳ್ಳುತ್ತಿರುತ್ತೇವೆ. ಇಲ್ಲವೇ ಬಿಗಿತ ಸಾಲದಾಗಿರುತ್ತದೆ. ಬ್ಲೇಡು ಗಾಲಿಯ ಮೇಲೆ ಸರಿಯಾಗಿದ್ದೂ ಗೆರೆ ಬಿಟ್ಟು ಓರೆಯಾಗಿ ಕೊಯ್ಯುತ್ತಿದ್ದರೆ ಒಂದು ಪಕ್ಕದ ಹಲ್ಲು ಸವೆದಿರಬಹುದು. ಇದಕ್ಕೆ ತಿರುಪಿನಲ್ಲಿ ಮದ್ದಿಲ್ಲ, ಅರ ಹಿಡಿಯಬೇಕು.

ಶಾಲೆಗೆ ಹೋಗುವ ಮಕ್ಕಳು ಚಾಲೂ ಯಂತ್ರದ ಹತ್ತಿರ ಬರುವುದು ಬೇಡ. ಪ್ಲಗ್ ಕಿತ್ತಿಟ್ಟ ಮೇಲೆ ಗುರುತು ಹಾಕುವ, ಸುತ್ತು ಎಣಿಸುವ, ಲೆಕ್ಕ ಬರೆಯುವ ಕೆಲಸವನ್ನು ಮಾತ್ರ ದೊಡ್ಡವರು ಎದುರಿಗಿದ್ದು ಅವರಿಗೆ ಧಾರಾಳವಾಗಿ ಕೊಡಬಹುದು. ಕೊಯ್ಯುತ್ತಿರುವಾಗ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಬೇಕೆಂಬುದು ದೊಡ್ಡವರೂ ಮರೆಯುವ ಮಾತು. ಎಷ್ಟೋ ಯಂತ್ರಗಳು ಕರೆಂಟ್ ಮರಳಿದೊಡನೆ ತಾವೇ ಓಡತೊಡಗುತ್ತವೆ. ಆ ಹೊತ್ತಿಗೆ ಯಾರಾದರೂ ಸಿಕ್ಕಿಕೊಂಡ ತುಂಡನ್ನು ಬಿಡಿಸುತ್ತಿದ್ದರೆ?

ಇನ್ನು ನಮ್ಮ ಬೇಸಿಗೆ. 20 ಡಿಗ್ರಿ ಬಿಸಿಲೇರಿದರೆ 237 ಸೆಂಟಿಮೀಟರಿನ ಉಕ್ಕು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ದಿನಗಟ್ಟಲೆ ಬಿಗಿಯಾಗಿಯೇ ಬಿಟ್ಟರೆ ಟೈರಿನ ಮೇಲೆ ಅಚ್ಚು ಬೀಳುತ್ತದೆ. ಸಂಜೆ ಕೆಲಸ ಮುಗಿದೊಡನೆ ಬಿಗಿತ ಸಡಿಲಿಸುವುದು ಒಳ್ಳೆಯದು. ಆದರೆ ಮರುದಿನ ಮರೆತು ಹಾಗೆಯೇ ಚಾಲೂ ಮಾಡಿದರೆ ಮೊದಲ ತಿರುವಿಗೇ ಬ್ಲೇಡು ಹಾರೀತು. ಅದಕ್ಕೇ ಸ್ವಿಚ್ಚಿಗೊಂದು ರಟ್ಟಿನ ಚೀಟಿ ತೂಗುಹಾಕಬೇಕು: "ಬ್ಲೇಡು ಸಡಿಲಿದೆ, ಬಿಗಿ ಮಾಡಿ." ದಪ್ಪ ಅಕ್ಷರದಲ್ಲಿ ಅದನ್ನು ಬರೆದುಕೊಡುವ ಕೆಲಸ ಮನೆಯ ಮಕ್ಕಳದು.