ಚಿಂಚೋಳಿಯ ವನ್ಯಧಾಮವೂ ಆಫ್ರಿಕದ ಮೃಗವನಗಳೂ

ವನ್ಯಮೃಗಗಳನ್ನು ಅವುಗಳ ಸಹಜವಾಸದಲ್ಲಿಯೇ ನೋಡುವುದಕ್ಕಾಗಿ ದೂರದೇಶಗಳ ಜನರು ಆಫ್ರಿಕಖಂಡಕ್ಕೆ ಹೋಗುವ ಯಾತ್ರೆಯು ‘ಸಫಾರಿ’ ಎಂದು ಪ್ರಸಿದ್ಧವಾಗಿದೆ. ಸ್ವಾಹಿಲಿ ಭಾಷೆಯಲ್ಲಿ ಈ ಶಬ್ದಕ್ಕೆ ಪ್ರಯಾಣವೆಂದೇ ಅರ್ಥವು. ಅದರ ಮೂಲವಾದ ಅರಬ್ಬಿಯ ‘ಸಫರ್’ ಎಂಬುದು ಉರ್ದುವಿನ ಮೂಲಕ ಕಲಬುರಗಿ ಸೀಮೆಯವರಿಗೂ ಪರಿಚಿತವಾದುದೇ. ಇಂಥ ಯಾತ್ರೆಗಳಿಂದ ಮೃಗರಕ್ಷಣೆಯು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಆ ಸೀಮೆಯ ಚಿಂಚೋಳಿಯ ಸ್ಥಿತಿಯೊಡನೆ ಹೋಲಿಸಿ ವಿಚಾರಿಸುವುದು ಯುಕ್ತವಾಗಿದೆ.

ಟಾಂಜಾನಿಯದ ಸೆರೆಂಗೆಟಿಯು 1951ರಲ್ಲಿ ರಾಷ್ಟ್ರೀಯೋದ್ಯಾನವಾಯಿತು. ಅದರ ವಿಸ್ತಾರವು ಸುಮಾರು 14,763 ಚದರ ಕಿಲೋಮೀಟರು. ಅಲ್ಲಿ ದನ ಮೇಯಿಸಿಕೊಂಡಿದ್ದ ಮಾಸಾಯಿ ಜನರನ್ನು 1959ರಲ್ಲಿ ಹೊರಡಿಸಿ ನೆರೆಯ ಎನ್ಗೊರೊಂಗೊರೊ ಪ್ರದೇಶಕ್ಕೆ ಕಳುಹಿಸಲಾಯಿತು. ಹೀಗೆ ಮನುಷ್ಯರಿಗೆ ಎಲ್ಲೆಯನ್ನು ಕಟ್ಟಲಾಯಿತಾದರೂ ಮೃಗಗಳಿಗೆ ಕಟ್ಟಲಾಗಲಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡ್‌ಬೀಸ್ಟ್ ಎಂಬ ಮೃಗಗಳು ಮಳೆಯನ್ನೂ ಹೊಸ ಹುಲ್ಲನ್ನೂ ಅನುಸರಿಸಿ ವರ್ಷವರ್ಷವೂ ಕೀನ್ಯದ ಮಾರಾ ಬಯಲಿಗೆ ಹೋಗಿ ಹಿಂದಿರುಗುತ್ತವೆ. ಆ ಬಯಲಿನಲ್ಲಿ ಮಾಸಾಯಿ ಭೂಮಾಲಿಕರು ಅನೇಕರು 2005ರ ಸುಮಾರಿನಿಂದ ತಮ್ಮ ನೆಲವನ್ನು ಪ್ರವಾಸಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟು, ಬೇಲಿ ಹಾಕದೆ, ದನ ಮೇಯಿಸುವುದನ್ನು ನಿಯಮಕ್ಕೊಳಪಡಿಸಿ, ಬಾಡಿಗೆಯನ್ನು ಪಡೆಯುತ್ತ ಬಂದಿರುವರು. ಮೃಗವು ಉಳಿದರೆ ಮನೆಗೆ ವರಮಾನವುಂಟೆಂಬುದೇ ಈ ಏರ್ಪಾಟಿನ ಜೀವಾಳವು. ಆದರೆ 2020ರ ಸಾಂಕ್ರಾಮಿಕದಲ್ಲಿ ಪ್ರವಾಸಿಗಳು ಬಾರದೆಹೋಗಲು ಆ ಬಾಡಿಗೆಯೂ ಕುಗ್ಗಿತು.

ಚಿಂಚೋಳಿಯ ವನ್ಯಧಾಮವು 2011ರಲ್ಲಿ ಘೋಷಿತವಾದುದು. 134.88 ಚದರ ಕಿಲೋಮೀಟರಿನ ಈ ಎಲೆಯುದುರುವ ಕಾಡು ಸೆರೆಂಗೆಟಿಯ ನೂರರಲ್ಲೊಂದು ಪಾಲಿಗೂ ಕಡಮೆಯದು. ನಡುವೆ ಚಂದ್ರಂಪಳ್ಳಿಯ ಜಲಾಶಯವಿದೆ. ತೋಳ, ಕತ್ತೆಕಿರುಬ, ಕೊಂಡುಕುರಿ, ಕೃಷ್ಣಮೃಗಗಳು ವಾಸಿಸುವುವು. ಲಂಬಾಣಿ ತಾಂಡಗಳೂ ಉಂಟು.

ಇವುಗಳಲ್ಲಿ ಜನರು ಚಿಗರಿಯೆಂದು ಕರೆಯುವ ಕೃಷ್ಣಮೃಗವು ಸ್ವಭಾವತಃ ದಟ್ಟಡವಿಯ ಪ್ರಾಣಿಯಲ್ಲ. ದೂರದಿಂದಲೇ ವೈರಿಯನ್ನು ಕಂಡು ಓಡಿ ಬದುಕುವ ಈ ಮೃಗಕ್ಕೆ ಬಯಲೇ ಆಶ್ರಯವು. ಆದಕಾರಣ ಅದು ವನ್ಯಧಾಮದ ಎಲ್ಲೆಯನ್ನು ಮೀರಿ ಸೇಡಂ, ಚಿತ್ತಾಪುರಗಳ ಕಡೆಯ ಹೊಲಗಳಲ್ಲಿಯೂ ಹಿಂಡುಹಿಂಡಾಗಿ ಕಾಣುವುದು. ಹುಲ್ಲುಗಾವಲುಗಳು ಬಹುಮಟ್ಟಿಗೆ ಉಳುಮೆಗೆ ಬಂದಿವೆ. ವಾಡಿ, ಶಹಾಬಾದಗಳ ಸುತ್ತ ಫರಸಿಕಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಗಳೂ ನೆಲವನ್ನು ಹಿಡಿದಿವೆ. ಉಳಿದ ಮೇವೆಂದರೆ ಮುಂಗಾರಿನ ತೊಗರಿ, ಹೆಸರುಗಳ ಎಳೆಕುಡಿಯೂ ಹಿಂಗಾರಿನ ಜೋಳ, ಕಡಲೆಗಳೂ. 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಚಿಗರಿಯ ಬೇಟೆಯು ಅಪರಾಧವು. ಮೃಗಕ್ಕೆ ಈ ರಕ್ಷಣೆಯು ಅವಶ್ಯವೇ. ಆದರೆ ಬೆಳೆ ಹಾಳಾದ ಒಕ್ಕಲಿಗನಿಗೆ ಸರಕಾರದ ಪರಿಹಾರವೊಂದೇ ಗತಿಯು.

ಆದುದರಿಂದ ಚಿಂಚೋಳಿಯಲ್ಲಿ ಸಫಾರಿಯ ವಾಹನಗಳನ್ನು ಓಡಿಸಿದ ಮಾತ್ರಕ್ಕೆ ಚಿಗರಿಯು ಉಳಿಯಲಾರದು. ನೋಡಬಂದವನು ಕೊಟ್ಟ ಹಣವು ಕಾಡಿನ ಬಾಗಿಲಲ್ಲಿಯೇ ನಿಂತರೆ ಎಲ್ಲೆಯಾಚೆಯ ಹೊಲದವನಿಗೆ ಅದರಿಂದ ಪ್ರಯೋಜನವಿಲ್ಲ. ಸೆರೆಂಗೆಟಿಯ ವೈಶಾಲ್ಯವನ್ನು ಇಲ್ಲಿ ತರಲಾಗದು. ಮಾರಾ ಬಯಲಿನ ನ್ಯಾಯವನ್ನು ತರಬಹುದು. ತಾಂಡದವರಿಗೆ ಕಾಡಿನ ಆದಾಯದಲ್ಲಿ ಪಾಲೂ, ಒಕ್ಕಲಿಗನಿಗೆ ಬಿತ್ತನೆಯ ಕಾಲ ಮೀರುವುದರೊಳಗೆ ಪರಿಹಾರವೂ, ಪ್ರವಾಸಿ ಬಾರದ ವರ್ಷದಲ್ಲಿಯೂ ತಪ್ಪದೆ ದೊರೆಯಬೇಕು. ಚಿಗರಿಯು ಮೇಯುವುದು ಒಕ್ಕಲಿಗನ ಹೊಲದಲ್ಲಿ. ಅದರ ಉಳಿವೂ ಅವನ ಸೈರಣೆಯಲ್ಲಿಯೇ ಇದೆ.