ದುಯೆಲ್: ಒಂದೇ ಹಳ್ಳಿ, ಎರಡು ಕಾಲ

ನೈಋತ್ಯ ಫ್ರಾನ್ಸ್‌ನ ಕಾವೋರ್ ಪಟ್ಟಣದ ಸಮೀಪ, ಲೋ ನದಿಯ ದಂಡೆಯ ಮೇಲೆ ದುಯೆಲ್ ಎಂಬ ಪುಟ್ಟ ಗ್ರಾಮವಿದೆ. ಸುಣ್ಣಕಲ್ಲಿನ ಗುಡ್ಡಗಳು, ದ್ರಾಕ್ಷಿ ತೋಟಗಳು, ಕಲ್ಲಿನ ಮನೆಗಳು ಇಲ್ಲಿನ ಚಿತ್ರಣ. ರೈಲು ಬರುವ ಮುನ್ನ ಇದು ದೋಣಿಗಾರರ ಊರೂ ಆಗಿತ್ತು. ಕಾವೋರ್‌ ವೈನಿನ ಪೀಪಾಯಿಗಳು ನದಿಯ ಮೂಲಕ ಬೋರ್ಡೊ ಬಂದರಿಗೆ ಸಾಗುತ್ತಿದ್ದವು. ಆದರೆ ಈ ಗ್ರಾಮ ಹೆಸರುವಾಸಿಯಾದದ್ದು ಬೇರೆಯೇ ಕಾರಣಕ್ಕೆ.

ಅರ್ಥಶಾಸ್ತ್ರಜ್ಞ ಝಾನ್ ಫೂರಾಸ್ತಿಯೆ 1979ರಲ್ಲಿ ‘ಲೆ ತ್ರಾಂತ್ ಗ್ಲೋರಿಯೂಸ್’ (ವೈಭವದ ಮೂವತ್ತು ವರ್ಷಗಳು) ಎಂಬ ಕೃತಿ ಪ್ರಕಟಿಸಿದರು. ಅದರ ಆರಂಭದಲ್ಲಿ ಅವರು ಮದೇರ್ ಮತ್ತು ಸೆಸಾಕ್ ಎಂಬ ಎರಡು ಹಳ್ಳಿಗಳನ್ನು ಹೋಲಿಸುತ್ತಾರೆ. ಒಂದು ಬಡ ಹಳ್ಳಿ, ಇನ್ನೊಂದು ಅನುಕೂಲಸ್ಥ ಹಳ್ಳಿ. ಕೊನೆಗೆ ಎರಡೂ ಒಂದೇ ಊರು ಎಂಬ ಗುಟ್ಟನ್ನು ಬಿಚ್ಚಿಡುತ್ತಾರೆ. ಮದೇರ್ ಎಂದರೆ 1946ರ ದುಯೆಲ್. ಸೆಸಾಕ್ ಎಂದರೆ 1975ರ ದುಯೆಲ್.

ಅಂಕಿ-ಅಂಶ ಏನು ಹೇಳುತ್ತದೆ?

1946ರಲ್ಲಿ ಗ್ರಾಮದ ಜನಸಂಖ್ಯೆ 534. ದುಡಿಯುವ 279 ಮಂದಿಯಲ್ಲಿ 208 ಮಂದಿ ಕೃಷಿಕರು. ಇಡೀ ಊರಿಗೆ ಎರಡೇ ಟ್ರ್ಯಾಕ್ಟರ್. ಕುಟುಂಬದ ವೆಚ್ಚದ ಮುಕ್ಕಾಲು ಪಾಲು ಆಹಾರಕ್ಕೇ ವ್ಯಯವಾಗುತ್ತಿತ್ತು.

1975ರ ವೇಳೆಗೆ ಜನಸಂಖ್ಯೆ 670ಕ್ಕೇರಿತ್ತು. ಆದರೆ ದುಡಿಯುವ 215 ಮಂದಿಯಲ್ಲಿ ಕೃಷಿಕರು ಕೇವಲ 53. ಅಂದರೆ ನಾಲ್ವರಲ್ಲಿ ಮೂವರು ರೈತರಾಗಿದ್ದ ಊರಿನಲ್ಲಿ ಆ ಪ್ರಮಾಣ ನಾಲ್ವರಲ್ಲಿ ಒಬ್ಬರಿಗೆ ಇಳಿದಿತ್ತು. ಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ ಉಳಿದರು; ವೃದ್ಧರಿಗೆ ಪಿಂಚಣಿ ದೊರೆಯಿತು. ಯಂತ್ರ, ಗೊಬ್ಬರ ಹಾಗೂ ಸುಧಾರಿತ ತಳಿಗಳ ಬಲದಿಂದ ಕೆಲವೇ ಕೈಗಳು ಹಿಂದಿಗಿಂತ ಅಧಿಕ ಬೆಳೆ ತೆಗೆದವು. ಉಳಿದವರು ಅಂಗಡಿ, ಕಚೇರಿ, ಸೇವಾ ವೃತ್ತಿಗಳತ್ತ ಹೊರಳಿದರು.

ಈ ಬದಲಾವಣೆ ನೋವಿಲ್ಲದೆ ಬಂದದ್ದಲ್ಲ. 1956ರ ಭೀಕರ ಹಿಮಕ್ಕೆ ಕಾವೋರ್ ಸೀಮೆಯ ದ್ರಾಕ್ಷಿ ಬಳ್ಳಿಗಳು ಬಹುಪಾಲು ನಾಶವಾದವು. ಬೆಳೆಗಾರರು ಮತ್ತೆ ನೆಟ್ಟು ಬೆಳೆಸಿದರು. 1971ರಲ್ಲಿ ಕಾವೋರ್ ವೈನಿಗೆ ಮೂಲಸ್ಥಾನ ಸೂಚಕ ಮಾನ್ಯತೆ ದೊರೆಯಿತು.

ಮುಂದೇನು?

ಫ್ರಾನ್ಸ್‌ನಲ್ಲಿ ಇಂದಿಗೂ ಸುಮಾರು 35 ಸಾವಿರ ಸ್ಥಳೀಯ ಆಡಳಿತ ಘಟಕಗಳಿವೆ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಜನಸಂಖ್ಯೆ 500ನ್ನು ದಾಟುವುದಿಲ್ಲ. ಎಷ್ಟೇ ಚಿಕ್ಕದಾದರೂ ಪ್ರತಿಯೊಂದಕ್ಕೂ ಚುನಾಯಿತ ಮಂಡಳಿ ಮತ್ತು ಮೇಯರ್ ಇರುತ್ತಾರೆ. ಊರಿನ ರಸ್ತೆ, ಪ್ರಾಥಮಿಕ ಶಾಲೆಯ ಕಟ್ಟಡ, ಸ್ಮಶಾನ ಇವರ ಹೊಣೆ. ಗ್ರಾಮದ ಗುರುತು ಉಳಿದಿರುವುದರಲ್ಲಿ ಈ ವ್ಯವಸ್ಥೆಯ ಪಾತ್ರ ದೊಡ್ಡದು.

ಉಳಿಯದಿರುವುದು ರೈತ. 1970ರಲ್ಲಿ ಸುಮಾರು 16 ಲಕ್ಷವಿದ್ದ ಕೃಷಿ ಹಿಡುವಳಿಗಳು 2020ರ ಗಣತಿಯ ವೇಳೆಗೆ 4 ಲಕ್ಷದ ಆಸುಪಾಸಿಗೆ ಇಳಿದಿದ್ದವು. ಅವುಗಳನ್ನು ನಡೆಸುವವರಲ್ಲಿ ಶೇ. 43ರಷ್ಟು ಮಂದಿ 55 ವರ್ಷ ದಾಟಿದವರು. ಇವರು ನಿವೃತ್ತರಾದಾಗ ಭೂಮಿ ಯುವಕರಿಗೆ ಸಿಗುವುದೇ ಅಥವಾ ಪಕ್ಕದ ದೊಡ್ಡ ಹಿಡುವಳಿಯಲ್ಲಿ ಕರಗುವುದೇ ಎಂಬುದು ಫ್ರಾನ್ಸ್‌ನ ಗ್ರಾಮೀಣ ಭಾಗದ ಮುಂದಿರುವ ಪ್ರಶ್ನೆ.

ಹಳ್ಳಿಗೆ ಸೌಕರ್ಯ ಬಂದಿತು, ಬಡತನ ತೊಲಗಿತು. ಹೊಲ ಉಳುವ ಮನೆಗಳು ಮಾತ್ರ ಕಡಿಮೆಯಾದವು. ದುಯೆಲ್‌ನ ಕಥೆಯಲ್ಲಿ ಲಾಭ ಮತ್ತು ನಷ್ಟ ಎರಡೂ ಒಂದೇ ಕಾರಣದಿಂದ ಹುಟ್ಟಿದವು.